ಕಣ್ಣೆದುರು ತೇಲುವ ಚುಕ್ಕೆಗಳು: ಯಾವಾಗ ನಿಶ್ಚಿಂತೆ, ಯಾವಾಗ ಅವಸರ?

ಬಿಳಿಯ ಗೋಡೆಯನ್ನೋ ತಿಳಿಯಾದ ಆಕಾಶವನ್ನೋ ನೋಡುತ್ತಿರುವಾಗ ಕಣ್ಣೆದುರು ಸಣ್ಣ ಕಪ್ಪು ಚುಕ್ಕೆಗಳು, ನೂಲಿನ ಎಳೆಗಳು, ಜೇಡರ ಬಲೆಯ ತುಣುಕಿನಂಥ ಆಕೃತಿಗಳು ತೇಲಿಹೋಗುವುದನ್ನು ನಡುವಯಸ್ಸು ದಾಟಿದ ಬಹುಮಂದಿ ಕಂಡಿರುತ್ತಾರೆ. ನೇರವಾಗಿ ದಿಟ್ಟಿಸಲು ಹೋದರೆ ಆ ಚುಕ್ಕೆ ಪಕ್ಕಕ್ಕೆ ಜಾರುತ್ತದೆ. ಕಣ್ಣನ್ನು ನಿಲ್ಲಿಸಿದರೆ ಅದು ಇನ್ನೂ ಕ್ಷಣಕಾಲ ಓಲಾಡಿ ಬಳಿಕ ನಿಲ್ಲುತ್ತದೆ. ನೊಣವೋ ಗುಂಗುರೋ ಬಂದಿತೆಂದು ಕೈಬೀಸಿ ಓಡಿಸಲು ಯತ್ನಿಸಿದವರೂ, ಕನ್ನಡಕದ ಗಾಜನ್ನು ಮತ್ತೆ ಮತ್ತೆ ಒರೆಸಿ ಬೇಸತ್ತವರೂ ಇದ್ದಾರೆ. ಲ್ಯಾಟಿನ್ ಭಾಷೆಯ ವೈದ್ಯಪರಿಭಾಷೆಯಲ್ಲಿ ಇದಕ್ಕೆ ‘ಹಾರುವ ನೊಣಗಳು’ ಎಂಬ ಅರ್ಥದ ಹೆಸರೇ ಇದೆ. ಇಂದಿನ ನೇತ್ರವೈದ್ಯರು ‘ಫ್ಲೋಟರ್ಸ್’ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ನಾವು ‘ತೇಲುಚುಕ್ಕೆ’ ಎಂದು ಕರೆಯೋಣ.

ಈ ಬರಹಗಾರನು ವೈದ್ಯನಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ, ಇಪ್ಪತ್ತು ವರ್ಷಗಳಿಂದ ಮುಂಬಯಿಯಲ್ಲಿ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇರುವವನು. ಹಿರಿಯ ಸಹೋದ್ಯೋಗಿಯೊಬ್ಬರ ಕಣ್ಣಿನ ಚಿಕಿತ್ಸೆಯ ನಿಮಿತ್ತ ಕೆಲವು ತಿಂಗಳು ಅವರೊಡನೆ ಆಸ್ಪತ್ರೆಗೆ ನಡೆದಾಡಬೇಕಾಗಿ ಬಂದಾಗ ವೈದ್ಯರನ್ನು ಕೇಳಿಯೂ, ಬಳಿಕ ಓದಿಯೂ ತಿಳಿದುಕೊಂಡ ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ. ಯಾವ ಚುಕ್ಕೆ ನಿರಪಾಯಕಾರಿ, ಯಾವುದು ಅಪಾಯದ್ದು ಎಂಬುದನ್ನು ಮನೆಯಲ್ಲಿಯೇ ಕುಳಿತು ತೀರ್ಮಾನಿಸುವುದು ಸಾಧ್ಯವಿಲ್ಲ. ವೈದ್ಯರ ಬಳಿಗೆ ಎಷ್ಟು ಬೇಗ ಹೋಗಬೇಕು ಎಂಬುದನ್ನು ಮಾತ್ರ ನಾವು ತೀರ್ಮಾನಿಸಬಲ್ಲೆವು, ಮತ್ತು ಎಷ್ಟೋ ಸಂದರ್ಭಗಳಲ್ಲಿ ದೃಷ್ಟಿಯ ಉಳಿವು ಅಳಿವುಗಳು ಆ ತೀರ್ಮಾನವನ್ನೇ ಅವಲಂಬಿಸಿರುತ್ತವೆ.

ಕಣ್ಣಿನ ಗುಡ್ಡೆಯ ಒಳಭಾಗವು ಟೊಳ್ಳಲ್ಲ. ಮುಂದಿರುವ ಮಸೂರಕ್ಕೂ ಹಿಂದಿರುವ ಅಕ್ಷಿಪಟಲಕ್ಕೂ ನಡುವಣ ಜಾಗವನ್ನೆಲ್ಲ ಗಾಜಿನಂತೆ ತಿಳಿಯಾದ ಒಂದು ಲೋಳೆ ತುಂಬಿಕೊಂಡಿರುತ್ತದೆ. ನಮ್ಮ ಕಡೆ ತಾಟಿನುಂಗು ಎಂದು ಕರೆಯುವ, ಮುಂಬಯಿಯ ಬೀದಿಗಳಲ್ಲಿ ಬೇಸಗೆಯ ದಿನಗಳಲ್ಲಿ ‘ತಾಡಗೋಳಾ’ ಎಂದು ಮಾರುವ ಹಣ್ಣಿನ ಎಳೆಯ ತಿರುಳನ್ನು ನೆನೆದುಕೊಂಡರೆ ಅದರ ಸ್ವರೂಪ ಸುಮಾರಾಗಿ ಮನಸ್ಸಿಗೆ ಬರುತ್ತದೆ. ಇದರ ಪ್ರಮಾಣ ಸುಮಾರು 4 ಮಿಲಿಲೀಟರು. ಶೇಕಡಾ 98ರಷ್ಟು ಬರಿಯ ನೀರು. ಉಳಿದ ಅಲ್ಪಾಂಶದಲ್ಲಿ ಕೊಲಾಜೆನ್ ಎಂಬ ಅತಿಸೂಕ್ಷ್ಮ ನಾರುಗಳೂ, ನೀರನ್ನು ಹಿಡಿದಿಡುವ ಹಯಲುರೋನಿಕ್ ಆಮ್ಲವೂ ಇವೆ. ಈ ಆಮ್ಲವನ್ನು ಮೊದಲಿಗೆ 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಬೇರ್ಪಡಿಸಿದ್ದು ದನದ ಕಣ್ಣಿನ ಇದೇ ಲೋಳೆಯಿಂದ.

ಎಳೆಯ ವಯಸ್ಸಿನಲ್ಲಿ ಈ ಲೋಳೆ ಒಂದೇ ಸಮನಾಗಿ ಹೆಪ್ಪುಗಟ್ಟಿದಂತೆ ಇರುತ್ತದೆ. ವಯಸ್ಸಾದಂತೆ, ಗಟ್ಟಿ ಮೊಸರಿನ ಪಾತ್ರೆಯಲ್ಲಿ ಅಲ್ಲಲ್ಲಿ ತಿಳಿನೀರು ಬಿಟ್ಟುಕೊಳ್ಳುವ ಹಾಗೆ, ಲೋಳೆಯಲ್ಲಿಯೂ ನೀರಿನ ಗುಳಿಗಳು ಉಂಟಾಗುತ್ತವೆ. ಬಿಡಿಬಿಡಿಯಾಗಿದ್ದ ನಾರುಗಳು ಒಂದನ್ನೊಂದು ಅಂಟಿಕೊಂಡು ಸಣ್ಣ ಗಂಟುಗಳಾಗುತ್ತವೆ. ಹೊರಗಿನ ಬೆಳಕು ಒಳಬರುವಾಗ ಈ ಗಂಟುಗಳ ನೆರಳು ಅಕ್ಷಿಪಟಲದ ಮೇಲೆ ಬೀಳುತ್ತದೆ. ನಾವು ಕಾಣುವುದು ಆ ನೆರಳನ್ನು. ಬಹಳ ಎತ್ತರದಲ್ಲಿ ಹಾರುವ ಹದ್ದಿನ ನೆರಳು ಅಂಗಳದಲ್ಲಿ ಕಾಣಿಸದು. ಅದೇ ಹದ್ದು ಮನೆಯ ಮಾಡಿನ ಮಟ್ಟಕ್ಕೆ ಇಳಿದರೆ ನೆರಳು ಸ್ಪಷ್ಟವಾಗಿ ಹಾದುಹೋಗುತ್ತದೆ. ಹಾಗೆಯೇ ಅಕ್ಷಿಪಟಲಕ್ಕೆ ಸಮೀಪದಲ್ಲಿರುವ ಗಂಟಿನ ನೆರಳು ಹೆಚ್ಚು ಕಪ್ಪಾಗಿಯೂ ಖಚಿತವಾಗಿಯೂ ಇರುತ್ತದೆ. ಹೀಗೆ ಹಲವು ವರ್ಷಗಳಿಂದ ಇದ್ದು, ಹೆಚ್ಚೂ ಆಗದೆ ಕಡಿಮೆಯೂ ಆಗದೆ, ಆಗಾಗ ಕಾಣಿಸಿ ಮರೆಯಾಗುವ ಒಂದೆರಡು ಚುಕ್ಕೆಗಳಿಗಾಗಿ ಯಾರೂ ನಿದ್ದೆಗೆಡಬೇಕಾಗಿಲ್ಲ. ಮುಂದಿನ ಸಲ ಕನ್ನಡಕದ ನಂಬರು ಪರೀಕ್ಷಿಸಿಕೊಳ್ಳಲು ಹೋದಾಗ ವೈದ್ಯರ ಕಿವಿಗೆ ಹಾಕಿದರೆ ಸಾಕು.

ಇನ್ನು ಅವಸರದ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಐವತ್ತರಿಂದ ಎಪ್ಪತ್ತರ ನಡುವಣ ವಯಸ್ಸಿನಲ್ಲಿ ಒಂದು ದಿನ ಈ ಲೋಳೆ ಕುಗ್ಗಿ, ತಾನು ಅಂಟಿಕೊಂಡಿದ್ದ ಅಕ್ಷಿಪಟಲದಿಂದ ಬಿಡಿಸಿಕೊಂಡು ಮುಂದಕ್ಕೆ ಸರಿಯುತ್ತದೆ. ಸಮೀಪದೃಷ್ಟಿಯುಳ್ಳವರಲ್ಲಿ, ಅಂದರೆ ಮೈನಸ್ ನಂಬರಿನ ಕನ್ನಡಕ ಧರಿಸುವವರಲ್ಲಿ, ಇದು ಇನ್ನೂ ಮುಂಚಿತವಾಗಿ ಆಗಬಹುದು. ಪೊರೆಯ ಶಸ್ತ್ರಚಿಕಿತ್ಸೆ ಆದವರಲ್ಲಿ, ಕಣ್ಣಿಗೆ ಪೆಟ್ಟು ಬಿದ್ದವರಲ್ಲಿಯೂ ಅಷ್ಟೆ. ಲೋಳೆ ಬಿಡಿಸಿಕೊಳ್ಳುವಾಗ ಅಕ್ಷಿಪಟಲವನ್ನು ಜಗ್ಗುತ್ತದೆ. ಅಕ್ಷಿಪಟಲಕ್ಕೆ ಬೆಳಕಿನ ಭಾಷೆಯೊಂದನ್ನು ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲ. ಅದನ್ನು ಜಗ್ಗಿದರೂ ಅದು ಮೆದುಳಿಗೆ ‘ಬೆಳಕು’ ಎಂದೇ ವರದಿ ಮಾಡುತ್ತದೆ. ಆದುದರಿಂದಲೇ ಕತ್ತಲೆಯ ಕೋಣೆಯಲ್ಲಿ ಕಣ್ಣು ಹೊರಳಿಸಿದಾಗ ಅಂಚಿನಲ್ಲಿ ಮಿಂಚು ಹೊಳೆದಂತೆ ಭಾಸವಾಗುತ್ತದೆ. ನೋವು ಮಾತ್ರ ಎಳ್ಳಷ್ಟೂ ಇರುವುದಿಲ್ಲ, ಏಕೆಂದರೆ ಅಕ್ಷಿಪಟಲದಲ್ಲಿ ನೋವನ್ನು ತಿಳಿಸುವ ನರಗಳೇ ಇಲ್ಲ. ನೋವಿಲ್ಲದಿರುವುದನ್ನು ಕ್ಷೇಮದ ಲಕ್ಷಣವೆಂದು ಭಾವಿಸುವ ನಮ್ಮ ಅಭ್ಯಾಸವು ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಬಹುಪಾಲು ಜನರಲ್ಲಿ ಈ ಬಿಡುಗಡೆ ಸುಗಮವಾಗಿಯೇ ಮುಗಿಯುತ್ತದೆ. ಒಂದು ದೊಡ್ಡ ಉಂಗುರದಂಥ ತೇಲುಚುಕ್ಕೆಯೋ ಕೆಲವು ಎಳೆಗಳೋ ಗುರುತಾಗಿ ಉಳಿಯುತ್ತವೆ. ಆದರೆ ಹೀಗೆ ಹಠಾತ್ತನೆ ಲಕ್ಷಣಗಳು ಕಾಣಿಸಿಕೊಂಡು ವೈದ್ಯರ ಬಳಿಗೆ ಬಂದವರಲ್ಲಿ ಸುಮಾರು ಏಳು ಮಂದಿಗೆ ಒಬ್ಬರಂತೆ ಅಕ್ಷಿಪಟಲದಲ್ಲಿ ಹರುಕು ಉಂಟಾಗಿರುವುದು ಕಂಡುಬರುತ್ತದೆ. ಲೋಳೆ ಎಲ್ಲಿಯೋ ಒಂದೆಡೆ ಬಿಗಿಯಾಗಿ ಅಂಟಿಕೊಂಡಿದ್ದರೆ ಬಿಡುವಾಗ ಕುದುರೆಲಾಳದ ಆಕಾರದಲ್ಲಿ ಅಲ್ಲಿನ ಪದರವನ್ನು ಸೀಳಿಬಿಡುತ್ತದೆ. ಆ ಸೀಳಿನ ಮೂಲಕ ನೀರು ಪದರದ ಹಿಂದಕ್ಕೆ ನುಸುಳಲಾರಂಭಿಸುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಗೋಡೆಯೊಳಗೆ ನೀರು ಇಳಿದು ಬಣ್ಣದ ಪದರ ಹೊಪ್ಪಳಿಸಿ ಕಳಚಿಕೊಳ್ಳುವುದನ್ನು ನೋಡದ ಬಾಡಿಗೆದಾರನಿಲ್ಲ. ಕಣ್ಣಿನೊಳಗೆ ಆಗುವುದೂ ಅದೇ. ಇದನ್ನು ಅಕ್ಷಿಪಟಲದ ಕಳಚುವಿಕೆ ಎನ್ನುತ್ತಾರೆ. ಕಳಚಿದ ಭಾಗಕ್ಕೆ ಹಿಂದಿನಿಂದ ಬರಬೇಕಾದ ಪೋಷಣೆ ತಪ್ಪಿ, ಅಲ್ಲಿನ ದೃಷ್ಟಿಕಣಗಳು ದಿನದಿನಕ್ಕೆ ಸೊರಗುತ್ತವೆ. ಜನಸಂಖ್ಯೆಯ ಲೆಕ್ಕದಲ್ಲಿ ಇದು ಅಪರೂಪದ ಕಾಯಿಲೆಯೇ ಸರಿ, ವರ್ಷಕ್ಕೆ ಹತ್ತು ಸಾವಿರ ಮಂದಿಯಲ್ಲಿ ಸುಮಾರು ಒಬ್ಬರಿಗೆ. ಆದರೆ ಲಕ್ಷಣಗಳೊಡನೆ ಉಂಟಾದ ಹರುಕನ್ನು ಹಾಗೆಯೇ ಬಿಟ್ಟರೆ ಅರ್ಧದಷ್ಟು ಕಣ್ಣುಗಳು ಕಳಚುವಿಕೆಗೆ ಹೋಗುತ್ತವೆ. ಸಕಾಲದಲ್ಲಿ ಲೇಸರ್ ಚಿಕಿತ್ಸೆ ಮಾಡಿದರೆ ಆ ಪ್ರಮಾಣ ನೂರಕ್ಕೆ ಐದಕ್ಕಿಂತ ಕೆಳಗಿಳಿಯುತ್ತದೆ. ಲಾಭನಷ್ಟದ ಲೆಕ್ಕ ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ನನ್ನ ಸಹೋದ್ಯೋಗಿಗಳಿಗೆ ಆಗ ಐವತ್ತಮೂರು ವರ್ಷ. ಚಿಕ್ಕಂದಿನಿಂದಲೂ ದಪ್ಪ ಗಾಜಿನ ಕನ್ನಡಕ. ಮಾರ್ಚ್ ತಿಂಗಳ ಮೂರನೆಯ ವಾರದ ಒಂದು ರಾತ್ರಿ, ದೀಪ ಆರಿಸಿದ ಮೇಲೆ ಬಲಗಣ್ಣಿನ ಅಂಚಿನಲ್ಲಿ ಮಿಂಚು ಹೊಳೆಯಿತು. ಮರುದಿನ ಯಾರೋ ಕರಿಮೆಣಸಿನ ಪುಡಿಯನ್ನು ಗಾಳಿಗೆ ಎರಚಿದಂತೆ ಅದೇ ಕಣ್ಣಿನ ತುಂಬ ಚುಕ್ಕೆಗಳು. ಮನೆಯಲ್ಲಿ ಪತ್ನಿಯೊಬ್ಬರಿಗೆ ಮಾತ್ರ ಹೇಳಿದರು. “ಯಾರಾದರೂ ಡಾಕ್ಟರಿಗೆ ತೋರಿಸಬಾರದೇನ್ರೀ?” ಎಂದು ಆಕೆ ಕೇಳಿದ್ದಕ್ಕೆ, “ಮೂವತ್ತೊಂದನೇ ತಾರೀಖು ಕಳೀಲಿ, ವರ್ಷದ ಲೆಕ್ಕ ಮುಗೀಲಿ” ಎಂಬ ಉತ್ತರ ಬಂತು. ಬ್ಯಾಂಕಿನವರ ಮನೆಗಳಲ್ಲಿ ಈ ಉತ್ತರ ಹೊಸದಲ್ಲ. ನಡುವೆ ಒಂದು ಸಂಜೆ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಗೆ ಹೋಗಿ ನಂಬರು ನೋಡಿಸಿಕೊಂಡರು. ನಂಬರು ಸರಿಯಾಗಿಯೇ ಇತ್ತು, ಆದ್ದರಿಂದ ಸಮಾಧಾನಪಟ್ಟುಕೊಂಡರು. ಔಷಧದ ಅಂಗಡಿಯಿಂದ ಒಂದು ಸೀಸೆ ಹನಿಮದ್ದೂ ಬಂತು. ಒಂಬತ್ತನೆಯ ದಿನ ಮೂಗಿನ ಕಡೆಯಿಂದ, ಕೆಳಗಡೆಯಿಂದ, ಒಂದು ಬೂದುಬಣ್ಣದ ತೆರೆ ಏರತೊಡಗಿತು. ಆಸ್ಪತ್ರೆಗೆ ಹೋದಾಗ ಆ ತೆರೆ ನಟ್ಟನಡುವಿನ ದೃಷ್ಟಿಯನ್ನೂ ಮುಚ್ಚಿಬಿಟ್ಟಿತ್ತು. ಅಕ್ಷಿಪಟಲದ ನಡುವೆ ಮ್ಯಾಕ್ಯುಲಾ ಎಂಬ ಒಂದು ಚಿಕ್ಕ ಭಾಗವಿದೆ. ಓದುವುದು, ಮುಖವನ್ನು ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಅದರ ಬಲದಿಂದ. ಅದು ಕಳಚುವ ಮೊದಲೇ ಶಸ್ತ್ರಚಿಕಿತ್ಸೆಯಾದರೆ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ, ಕಳಚಿದ ಮೇಲಾದರೆ ಪೂರ್ಣವಾಗಿ ಮರಳುವ ಭರವಸೆ ಇಲ್ಲ. ಅವರ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಪದರ ತನ್ನ ಸ್ಥಾನದಲ್ಲಿ ಕುಳಿತಿದೆ. ಆದರೆ ಇಂದಿಗೂ ಆ ಕಣ್ಣಿಗೆ ಅಕ್ಷರಗಳ ಸಾಲು ಅಲೆಯಲೆಯಾಗಿ ಕಾಣುತ್ತದೆ.

ವಿದ್ಯಾವಂತರೂ ಜಾಗರೂಕರೂ ಆದವರು ಹೀಗೇಕೆ ಕಾಯುತ್ತಾರೆ ಎಂದು ಯೋಚಿಸಿದಾಗ ನನಗೆ ತೋರುವುದು ಇಷ್ಟು. ನಮ್ಮ ಹಿರಿಯರಿಗೆ ಕಣ್ಣಿನ ಕಾಯಿಲೆಯೆಂದರೆ ಪೊರೆ. ಉತ್ತರ ಕರ್ನಾಟಕದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನಡೆಸಿದ ಉಚಿತ ಶಿಬಿರಗಳಲ್ಲಿ ಅಜ್ಜ ಅಜ್ಜಿಯಂದಿರಿಗೆ ದೃಷ್ಟಿ ಮರಳಿದ ಕಥೆಯನ್ನು ಕೇಳದ ಕನ್ನಡ ಮನೆಗಳು ವಿರಳ. ಆ ಕಾಲದಲ್ಲಿ ಪೊರೆ ಬಲಿಯುವ ತನಕ ಕಾಯುವುದೇ ವಾಡಿಕೆಯಾಗಿತ್ತು; ಕೊಯ್ಲು ಮುಗಿದ ಮೇಲೆ, ಮಗಳ ಮದುವೆಯಾದ ಮೇಲೆ ಶಿಬಿರಕ್ಕೆ ಹೋದರೆ ನಡೆಯುತ್ತಿತ್ತು. ಈ ತಾಳ್ಮೆ ನಮಗೆ ಬಳುವಳಿಯಾಗಿ ಬಂದಿದೆ. ಪೊರೆಯಿಂದ ಮಂಜಾದ ಕಣ್ಣಿಗೆ ಸಾಮಾನ್ಯವಾಗಿ ಕೆಲವು ತಿಂಗಳ ಅವಧಿ ಉಂಟು. ಹರಿದ ಅಕ್ಷಿಪಟಲಕ್ಕೆ ಇರುವುದು ಕೆಲವು ದಿನ, ಒಮ್ಮೊಮ್ಮೆ ಕೆಲವೇ ಗಂಟೆ. ಪರಸ್ಥಳದಲ್ಲಿರುವ ನಮಗೆ ಇನ್ನೊಂದು ನೆಪವೂ ಸುಲಭವಾಗಿ ದೊರೆಯುತ್ತದೆ: ‘ಹೇಗೂ ಮುಂದಿನ ತಿಂಗಳು ಊರಿಗೆ ಹೋಗುವುದಿದೆ, ಅಲ್ಲಿ ನಮ್ಮ ಪರಿಚಯದ ಡಾಕ್ಟರಿದ್ದಾರೆ.’

ಹಾಗಾದರೆ ಯಾವ ಲಕ್ಷಣ ಕಂಡಾಗ ಕೆಲಸ ಬಿಟ್ಟು ಹೊರಡಬೇಕು? ಒಂದು ಕಣ್ಣಿನಲ್ಲಿ ಇದ್ದಕ್ಕಿದ್ದಂತೆ ಹೊಸ ಚುಕ್ಕೆಗಳು, ಅದರಲ್ಲಿಯೂ ಹಲವು ಒಟ್ಟಿಗೆ ಕಾಣಿಸಿಕೊಂಡರೆ, ಇಲ್ಲವೆ ಹಿಂದೆಂದೂ ಇಲ್ಲದ ಮಿಂಚು ಹೊಳೆಯತೊಡಗಿದರೆ ಅದೇ ದಿನ, ತಪ್ಪಿದರೆ ಮರುದಿನವೇ ಪರೀಕ್ಷೆಯಾಗಬೇಕು. ದೃಷ್ಟಿಯ ಯಾವುದೇ ಅಂಚಿನಿಂದ ನೆರಳೋ ತೆರೆಯೋ ಸರಿದು ಬರುತ್ತಿದ್ದರೆ, ಅಥವಾ ದೃಷ್ಟಿ ಹಠಾತ್ತನೆ ಮಸುಕಾದರೆ, ಬೆಳಗಾಗುವುದನ್ನೂ ಕಾಯದೆ ನೇತ್ರ ವಿಭಾಗವಿರುವ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು. ಚುಕ್ಕೆ ದೊಡ್ಡದೋ ಚಿಕ್ಕದೋ, ಕಿರಿಕಿರಿ ಹೆಚ್ಚೋ ಕಡಿಮೆಯೋ ಎಂಬುದು ಇಲ್ಲಿ ಮುಖ್ಯವಲ್ಲ. ಲೆಕ್ಕ ತಪಾಸಣೆಯಲ್ಲಿ ಹತ್ತು ವರ್ಷಗಳಿಂದ ನಡೆದುಬಂದ ಬಾಕಿಗಿಂತ ನಿನ್ನೆ ತಾನೇ ಹುಟ್ಟಿಕೊಂಡ ನಮೂದನ್ನು ಹೆಚ್ಚು ಎಚ್ಚರದಿಂದ ನೋಡುತ್ತೇವಷ್ಟೆ, ಇಲ್ಲಿಯೂ ಹಾಗೆಯೇ.

ಮಧುಮೇಹಿಗಳಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮಿಗಿಲೆಂದು ಅಂದಾಜು ಮಾಡಿತು. ನಮ್ಮ ಸಂಘದ ಯಾವ ಸಮಾರಂಭದಲ್ಲಿಯೂ ಸಕ್ಕರೆಯಿಲ್ಲದ ಕಾಫಿಯ ಲೋಟಗಳ ಸಾಲು ಚಿಕ್ಕದಾಗಿರುವುದಿಲ್ಲ. ಹಲವು ವರ್ಷಗಳ ಸಕ್ಕರೆಯಿಂದ ಅಕ್ಷಿಪಟಲದ ಮೇಲೆ ಬಲಹೀನವಾದ ಹೊಸ ರಕ್ತನಾಳಗಳು ಹುಟ್ಟಿ, ಅವು ಒಡೆದು ಲೋಳೆಯೊಳಗೆ ರಕ್ತ ಸೋರಬಹುದು. ಆಗ ಮಸಿ ಚೆಲ್ಲಿದಂತೆ ಚುಕ್ಕೆಗಳ ಮಳೆಯೋ, ಕೆಂಪು ಛಾಯೆಯ ಮಬ್ಬೋ ಕಾಣುತ್ತದೆ. ಅದಕ್ಕೂ ಅದೇ ದಿನದ ಅವಸರವೇ. ಮಧುಮೇಹಿಗಳು ಲಕ್ಷಣವಿರಲಿ ಇಲ್ಲದಿರಲಿ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕಣ್ಣು ಕೆಂಪಾಗಿ, ನೋವಿದ್ದು, ಬೆಳಕನ್ನು ಸಹಿಸಲಾಗದೆ ಚುಕ್ಕೆಗಳೂ ಕಂಡರೆ ಅದು ಕಣ್ಣಿನೊಳಗಿನ ಉರಿಯೂತವಾಗಿರಬಹುದು. ಅದಕ್ಕೂ ವಿಳಂಬ ಸಲ್ಲದು. ಎರಡೂ ಕಣ್ಣುಗಳಲ್ಲಿ ಅಂಕುಡೊಂಕಾದ ಹೊಳೆಯುವ ಗೆರೆಗಳು ಕಾಣಿಸಿ, ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಮಾಯವಾಗಿ, ಬಳಿಕ ತಲೆನೋವು ಬರುವುದು ಸಾಮಾನ್ಯವಾಗಿ ಮೈಗ್ರೇನಿನ ಲಕ್ಷಣ. ಆದರೂ ಮೊದಲ ಬಾರಿಗೆ ಹಾಗಾದವರು ವೈದ್ಯರಿಗೆ ತೋರಿಸುವುದೇ ಲೇಸು.

ಆಸ್ಪತ್ರೆಯ ಕಿಟಕಿಯಲ್ಲಿ ಏನು ಹೇಳಬೇಕೆಂಬುದೂ ಮುಖ್ಯ. ‘ಕಣ್ಣಲ್ಲಿ ಚುಕ್ಕೆ ಕಾಣುತ್ತದೆ’ ಎಂದಷ್ಟೇ ಹೇಳಿದರೆ ಹತ್ತು ದಿನ ಬಿಟ್ಟು ಬರುವಂತೆ ಚೀಟಿ ದೊರೆಯಬಹುದು. ‘ನಿನ್ನೆಯಿಂದ, ಇದ್ದಕ್ಕಿದ್ದಂತೆ’ ಎಂಬುದು ಮೊದಲು ಬರಬೇಕಾದ ಮಾತು. ನಮ್ಮ ಮನೆಗಳ ಹಿರಿಯ ಹೆಂಗಸರು ಸ್ಥಳೀಯ ಭಾಷೆ ಬಾರದೆಂದು ಇಲ್ಲಿಯೇ ಸಂಕೋಚಪಡುತ್ತಾರೆ. ಮುಂಬಯಿ ದೆಹಲಿಗಳಲ್ಲಿ ‘ಅಚಾನಕ್’, ಚೆನ್ನೈಯಲ್ಲಿ ‘ತಿಡೀರ್’, ಹೈದರಾಬಾದಿನಲ್ಲಿ ‘ಹಠಾತ್ತುಗಾ’ ಎಂಬ ಒಂದು ಶಬ್ದವನ್ನು ಕಲಿತು, ‘ರೆಟಿನಾ ಡಾಕ್ಟರ್’ ಎಂದು ಸೇರಿಸಿದರೆ ಕೆಲಸ ಸಾಗುತ್ತದೆ.

ಪರೀಕ್ಷೆಗೆ ಮೊದಲು ಪಾಪೆಯನ್ನು ಹಿಗ್ಗಿಸುವ ಹನಿಮದ್ದನ್ನು ಹಾಕಿ ಅರ್ಧ ಗಂಟೆಯಷ್ಟು ಕಾಯಿಸುತ್ತಾರೆ. ಆ ಬಳಿಕ ನಾಲ್ಕಾರು ಗಂಟೆಗಳ ಕಾಲ ಹತ್ತಿರದ ಅಕ್ಷರಗಳು ಮಸುಕಾಗಿ, ಬಿಸಿಲು ಕಣ್ಣು ಕುಕ್ಕುತ್ತದೆ. ಆದ್ದರಿಂದ ಸ್ಕೂಟರನ್ನು ಮನೆಯಲ್ಲಿಯೇ ಬಿಟ್ಟು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು. ಸಂಜೆಯ ಲೋಕಲ್ ರೈಲಿನ ನೂಕುನುಗ್ಗಲಿಗೆ ಆ ಕಣ್ಣುಗಳೊಡನೆ ಒಬ್ಬರೇ ಇಳಿಯುವುದು ವಿವೇಕವಲ್ಲ. ವೈದ್ಯರು ತಲೆಗೆ ದೀಪವನ್ನು ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು, ಅಕ್ಷಿಪಟಲದ ಅಂಚುಗಳವರೆಗೂ ನೋಡುತ್ತಾರೆ. ಹರುಕುಗಳು ಹೆಚ್ಚಾಗಿ ಆಗುವುದು ಅಂಚಿನಲ್ಲಿಯೇ. ಕನ್ನಡಕದ ಅಂಗಡಿಯ ನಂಬರಿನ ಪರೀಕ್ಷೆ ಅಲ್ಲಿಯತನಕ ತಲುಪುವುದೇ ಇಲ್ಲ.

ಈ ನೋಟ ಮನುಷ್ಯನಿಗೆ ದೊರೆತು ಬಹಳ ಕಾಲವಾಗಿಲ್ಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ನೇತ್ರದರ್ಶಕವನ್ನು ಲೋಕಕ್ಕೆ ಪರಿಚಯಿಸುವ ಮೊದಲು ಜೀವಂತ ಕಣ್ಣಿನ ಒಳಗನ್ನು ಚೆನ್ನಾಗಿ ನೋಡುವ ಉಪಾಯವಿರಲಿಲ್ಲ. ಆ ಮೇಲೂ ಎಪ್ಪತ್ತು ವರ್ಷಗಳ ಕಾಲ ಅಕ್ಷಿಪಟಲ ಕಳಚಿತೆಂದರೆ ಕಣ್ಣು ಹೋಯಿತೆಂದೇ ಅರ್ಥ. ರೋಗಿಯ ಕಣ್ಣುಗಳಿಗೆ ಪಟ್ಟಿ ಕಟ್ಟಿ ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ಕಳಚುವಿಕೆಗೆ ಹರುಕೇ ಕಾರಣ, ಹರುಕನ್ನು ಹುಡುಕಿ ಮುಚ್ಚಿದರೆ ಪದರ ಕೂರುತ್ತದೆ ಎಂದು 1920ರ ಸುಮಾರಿಗೆ ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಜೂಲ್ ಗೋನಿನ್. ಎರಡೂ ಕಣ್ಣುಗಳಿಂದ ಅಂಚಿನವರೆಗೆ ನೋಡಬಲ್ಲ, ತಲೆಗೆ ಕಟ್ಟುವ ಉಪಕರಣವನ್ನು 1940ರ ದಶಕದಲ್ಲಿ ರೂಪಿಸಿದವರು ಬೆಲ್ಜಿಯಂ ಮೂಲದ ಚಾರ್ಲ್ಸ್ ಶೆಪೆನ್ಸ್. ಅವರೊಡನೆ ಬಾಸ್ಟನ್ನಿನಲ್ಲಿ ದುಡಿದು ಬಂದ ಡಾ. ಎಸ್. ಎಸ್. ಬದರೀನಾಥರು 1978ರಲ್ಲಿ ಚೆನ್ನೈಯಲ್ಲಿ ಶಂಕರ ನೇತ್ರಾಲಯವನ್ನು ಸ್ಥಾಪಿಸಿದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ಸಂಸ್ಥೆಯ ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ, ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಗಳೂ ಈ ಚಿಕಿತ್ಸೆಗೆ ಹೆಸರಾದವು. ಮಹಾನಗರಗಳಲ್ಲಿ ನೆಲೆಸಿರುವ ನಮಗೆ ಈ ಒಂದು ವಿಷಯದಲ್ಲಿ ಊರಿನವರಿಗಿಂತ ಅನುಕೂಲ ಹೆಚ್ಚು.

ಹರುಕು ಮಾತ್ರ ಇದ್ದು ಪದರ ಕಳಚದಿದ್ದರೆ ಹರುಕಿನ ಸುತ್ತ ಲೇಸರ್ ಕಿರಣದಿಂದಲೋ ಶೀತ ಚಿಕಿತ್ಸೆಯಿಂದಲೋ ಬೆಸುಗೆ ಹಾಕುತ್ತಾರೆ. ಲೇಸರಾದರೆ ಅರ್ಧ ಗಂಟೆಯೊಳಗಿನ ಕೆಲಸ, ಅದೇ ದಿನ ಮನೆಗೆ ಮರಳಬಹುದು. ಪದರ ಕಳಚಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯ. ಕೆಲವರಲ್ಲಿ ಕಣ್ಣಿನ ಹೊರಗೋಡೆಗೆ ಸಿಲಿಕೋನಿನ ಪಟ್ಟಿ ಕಟ್ಟುತ್ತಾರೆ, ಕೆಲವರಲ್ಲಿ ಲೋಳೆಯನ್ನೇ ತೆಗೆದು ಅನಿಲವನ್ನೋ ಸಿಲಿಕೋನ್ ಎಣ್ಣೆಯನ್ನೋ ತುಂಬುತ್ತಾರೆ. ಅನಿಲ ತುಂಬಿದವರು ವೈದ್ಯರು ಹೇಳಿದಷ್ಟು ದಿನ ತಲೆಯನ್ನು ಹೇಳಿದ ಭಂಗಿಯಲ್ಲಿಯೇ ಇಟ್ಟುಕೊಂಡಿರಬೇಕು. ಆ ಅನಿಲ ಕರಗುವ ತನಕ ವಿಮಾನ ಹತ್ತಲೇಬಾರದು. ಎತ್ತರಕ್ಕೆ ಹೋದಂತೆ ಅನಿಲ ಹಿಗ್ಗಿ ಕಣ್ಣಿನ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಘಟ್ಟ ಹತ್ತುವ ಪ್ರಯಾಣಕ್ಕೂ ವೈದ್ಯರ ಅಪ್ಪಣೆ ಬೇಕು. ವಿಶ್ರಾಂತಿಗೆಂದು ಊರಿಗೆ ಹೊರಡುವ ಆತುರದಲ್ಲಿರುವವರು ಇದನ್ನು ಮರೆಯಬಾರದು.

ನಿರಪಾಯಕಾರಿ ಎಂದು ವೈದ್ಯರು ಖಚಿತಪಡಿಸಿದ ಚುಕ್ಕೆಗಳನ್ನು ಏನು ಮಾಡಬೇಕು? ಏನೂ ಮಾಡಬೇಕಾಗಿಲ್ಲ. ಕೆಲವು ವಾರ, ಕೆಲವು ತಿಂಗಳುಗಳಲ್ಲಿ ಮೆದುಳು ಅವುಗಳನ್ನು ಗಮನಿಸುವುದನ್ನು ಬಿಟ್ಟುಬಿಡುತ್ತದೆ. ಓದುವಾಗ ಅಡ್ಡ ಬಂದರೆ ಕಣ್ಣನ್ನು ಮೇಲೆ ಕೆಳಗೆ ಒಂದೆರಡು ಸಲ ಆಡಿಸಿದರೆ ಸರಿದುಹೋಗುತ್ತವೆ. ಜೇನುತುಪ್ಪ, ಹರಳೆಣ್ಣೆ, ನಂದಬಟ್ಟಲಿನ ರಸ ಮೊದಲಾದವು ಲೋಳೆಯನ್ನು ತಲುಪುವುದೂ ಇಲ್ಲ, ಗಂಟನ್ನು ಕರಗಿಸುವುದೂ ಇಲ್ಲ. ಸೋಂಕನ್ನು ಮಾತ್ರ ತರಬಲ್ಲವು. ಚುಕ್ಕೆಗಳನ್ನು ತೆಗೆಯಲೆಂದೇ ಮಾಡುವ ಶಸ್ತ್ರಚಿಕಿತ್ಸೆಯೂ ಇದೆ, ಆದರೆ ಅದರಿಂದ ಪೊರೆ ಬೇಗ ಬರುವ ಮತ್ತು ಹರುಕು ಉಂಟಾಗುವ ಸಂಭವವಿರುವುದರಿಂದ ದಿನನಿತ್ಯದ ಕೆಲಸಕ್ಕೇ ಅಡ್ಡಿಯಾದ ಅಪರೂಪದ ಪ್ರಸಂಗಗಳಲ್ಲಿ ಮಾತ್ರ ವೈದ್ಯರು ಒಪ್ಪುತ್ತಾರೆ.

ಎರಡೂ ಕಣ್ಣುಗಳನ್ನು ತೆರೆದೇ ಇರುವುದರಿಂದ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಕೊಳ್ಳುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದರಿಂದ ಗೋಡೆಯ ಕ್ಯಾಲೆಂಡರನ್ನು ನೋಡುವುದು, ಬಳಿಕ ಕಣ್ಣು ಬದಲಿಸುವುದು ಒಳ್ಳೆಯ ರೂಢಿ. ಅಂಕಿಗಳು ಸೊಟ್ಟಗಾಗಿವೆಯೆ, ಯಾವುದಾದರೂ ಮೂಲೆ ಕಾಣೆಯಾಗಿದೆಯೆ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಹೊಸ ಚುಕ್ಕೆಗಳೊಡನೆ ಹೋದಾಗ ಮೊದಲ ಪರೀಕ್ಷೆಯಲ್ಲಿ ಹರುಕು ಕಾಣದಿದ್ದರೂ ನಾಲ್ಕರಿಂದ ಆರು ವಾರಗಳಲ್ಲಿ ಇನ್ನೊಮ್ಮೆ ಬರಲು ಹೇಳುವುದುಂಟು, ಏಕೆಂದರೆ ಲೋಳೆ ಪೂರ್ತಿ ಬಿಡಿಸಿಕೊಳ್ಳುವ ತನಕ ತಡವಾಗಿ ಹರುಕು ಉಂಟಾಗುವ ಸಾಧ್ಯತೆ ಅಲ್ಪವಾಗಿಯಾದರೂ ಇರುತ್ತದೆ. ಆ ಎರಡನೆಯ ಭೇಟಿಯ ದಿನಾಂಕವನ್ನು ಅದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ಊರಿನ ರೈಲಿಗೆ ಟಿಕೆಟು ಕಾಯ್ದಿರಿಸುವ ಮೊದಲು ಒಮ್ಮೆ ನೋಡಿಕೊಳ್ಳಬೇಕು.